ಗುಪ್ತಚರನ ಎರಡನೆಯ ಭಾಗ ಮತ್ತು ಉಡಿಯ ಕಾಯಿ

ನಾನು ಸಿನಿಮಾ ನೋಡುವುದೇ ಬೈಯುವುದಕ್ಕೆ. ಇದನ್ನು ನನ್ನ ಹೆಂಡತಿ ಮದುವೆಯಾದ ವರ್ಷವೇ ಕಂಡುಕೊಂಡು, ನನ್ನ ಜೊತೆ ಥಿಯೇಟರಿಗೆ ಬರುವುದನ್ನು ಬಿಟ್ಟಳು. ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಕಾಲೇಜೊಂದರ ಆಫೀಸಿನಲ್ಲಿ ಇಡೀ ಆಯುಷ್ಯ ಫೈಲು ತಿರುವಿ ಈಗ ನಿವೃತ್ತಿಯ ಹೊಸ್ತಿಲಿಗೆ ಬಂದು ನಿಂತಿದ್ದೇನೆ. ಮಂದಿ ಬರೆದದ್ದರಲ್ಲಿ ತಪ್ಪು ಹುಡುಕಿ ಹುಡುಕಿ ನನ್ನ ಕಣ್ಣೇ ಹಾಗಾಗಿದೆ. ತೆರೆಯ ಮೇಲೆ ನಾಯಕ ಮಳೆಯಲ್ಲಿ ನೆನೆದು ಒಳಗೆ ಬಂದರೆ ಉಳಿದವರು ಅವನ ಮುಖ ನೋಡುತ್ತಾರೆ. ನಾನು ಅವನ ಬೂಟು ಒದ್ದೆಯಾಗಿದೆಯೋ ಇಲ್ಲವೋ ನೋಡುತ್ತೇನೆ. ಆಗಿರುವುದಿಲ್ಲ.

ನನ್ನ ಪಕ್ಕ ಕೂತು ಈ ಬೈಗುಳವನ್ನು ಖುಷಿಯಿಂದ ಕೇಳುತ್ತಿದ್ದವಳು ಒಬ್ಬಳೇ, ಬಬಲೇಶ್ವರದಲ್ಲಿರುವ ನನ್ನ ಅಕ್ಕನ ಮಗಳು. ಶಾಲೆಗೆ ಬೇಸಿಗೆ ಸೂಟಿ ಬಿಟ್ಟಾಗ ನಮ್ಮ ಮನೆಗೆ ಬಂದರೆ ವಾರಕ್ಕೊಂದು ಮ್ಯಾಟಿನಿಗೆ ಕರೆದುಕೊಂಡು ಹೋಗುತ್ತಿದ್ದೆ. ನಮ್ಮಿಬ್ಬರದೂ ಒಂದು ಆಟವಿತ್ತು. ಹೊಡೆದಾಟ ಶುರುವಾದ ಕೂಡಲೇ ನಾಯಕನ ಪಿಸ್ತೂಲಿನಿಂದ ಎಷ್ಟು ಗುಂಡು ಹೊರಬಿದ್ದವು ಎಂದು ಎಣಿಸುವುದು. "ಮಾಮಾ, ಹದಿನೇಳು ಆದೂ, ಇನ್ನಾ ಹೊಡ್ಯಾಕತ್ತಾನ" ಎಂದು ಅವಳು ಕಿವಿಯಲ್ಲಿ ಹೇಳಿ ನಗುತ್ತಿದ್ದಳು. ಅವಳದು ಸೆರಗಿನಲ್ಲಿ ಮುಚ್ಚಿಕೊಳ್ಳುವ ನಗುವಲ್ಲ. ಹೊಟ್ಟೆಯಿಂದ ಎದ್ದು ಬಂದು, ಮುಂದಿನ ಸಾಲಿನವರು ತಿರುಗಿ ನೋಡುವಂಥ ನಗು. ಅದನ್ನು ಕಲಿಸಿದವನು ನೀನೇ ಎಂದು ಅಕ್ಕ ಬೈಯುತ್ತಾಳೆ. ಸುಳ್ಳೇನೂ ಅಲ್ಲ.

ಈಗ ಆ ಹುಡುಗಿಗೆ ಇಪ್ಪತ್ತೇಳು. ನಗರದ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ದಿನಾ ಬೆಳಿಗ್ಗೆ ಬಬಲೇಶ್ವರದಿಂದ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಾಳೆ. ಅವಳನ್ನು ನೋಡಲು ಎರಡು ಕಡೆಯವರು ಬಂದು ಹೋಗಿದ್ದರು, ಎರಡೂ ಮುರಿದವು, ಎರಡಕ್ಕೂ ಕಾರಣ ನಾನು. ಮೊದಲನೆಯ ಸಲ ಹುಡುಗನ ತಂದೆ ಮಗನ ಬುದ್ಧಿವಂತಿಕೆಯನ್ನು ಅರ್ಧ ತಾಸು ವರ್ಣಿಸಿದಾಗ, ಹಾಗಿದ್ದರೆ ಡಿಗ್ರಿ ಮುಗಿಸಲು ಆರು ವರ್ಷ ಏಕೆ ಬೇಕಾಯಿತು ಎಂದು ಕೇಳಿದ್ದೆ. ಎರಡನೆಯ ಸಲ ನಾನು ಏನೂ ಮಾತಾಡಿರಲಿಲ್ಲ. ಹುಡುಗನ ಕಾಕಾ ತಮ್ಮ ಮನೆತನದ ಹಿರಿಮೆ ಹೇಳುತ್ತಿದ್ದಾಗ ಆಕಳಿಸಿದ್ದೆ, ಅಷ್ಟೇ.

ಹೀಗಾಗಿ ಟಿಕೋಟಾದ ಸಂಬಂಧ ಬಂದಾಗ ಅಕ್ಕ ಬೆಳಿಗ್ಗೆ ಮೊದಲ ಬಸ್ಸಿಗೇ ನನ್ನ ಮನೆಗೆ ಬಂದಳು. ಚಹಾ ಸಹ ಮುಟ್ಟಲಿಲ್ಲ.

"ತಮ್ಮಾ, ಈ ಸಲ ನೀ ಬಾಯಿ ತೆಗೀಬ್ಯಾಡ. ಅಡಕಿ ಹಾಕ್ಕೊಂಡು ಸುಮ್ಮ ಕೂಡು. ನಿನ್ನ ನಾಲಿಗಿ ಸಂಬಂಧ ನನ್ನ ಮಗಳು ಮನ್ಯಾಗ ಉಳದಾಳ."

"ನಾ ಬರೂದ ಇಲ್ಲ ತಗೋ."

"ಸ್ವಾದರ ಮಾವ ಬರಲಿಲ್ಲ ಅಂದ್ರ ಮಂದಿ ಏನಂತಾರ? ಬರಬೇಕು. ಮಾತಾಡಬಾರ್ದು." ಎಂದು ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಆಣೆ ಮಾಡಿದೆ.

ಹುಡುಗಿಯನ್ನು ನೋಡುವ ಕಾರ್ಯ ಥಿಯೇಟರಿನಲ್ಲಿ ಎಂದು ತೀರ್ಮಾನವಾದದ್ದು ಹೇಗೆ ಎಂದು ನೆನೆದರೆ ಇವತ್ತಿಗೂ ನನಗೆ ನಗು ಬರುತ್ತದೆ. ಬಬಲೇಶ್ವರದ ಓಣಿಯಲ್ಲಿ ಮೂರನೆಯ ಸಲ ಕಾರು ಬಂದು ನಿಂತರೆ ಅಕ್ಕಪಕ್ಕದವರು ಬೆರಳು ಮಡಚಿ ಎಣಿಸುತ್ತಾರೆ ಎಂದು ಅಕ್ಕನಿಗೆ ಅಂಜಿಕೆ. ಮೇಲಾಗಿ ಮೇ ತಿಂಗಳು. ಅವಳ ಮನೆಯ ಪತ್ರಾಸಿನ, ಆ ಕಾದ ತಗಡಿನ ಮಾಡಿನ, ಕೆಳಗೆ ಕೂತವರು ಹಪ್ಪಳದಂತೆ ಆಗುತ್ತಿದ್ದರು. ಅತ್ತ ಹುಡುಗನ ತಂದೆಯೇ ಫೋನಿನಲ್ಲಿ ದಾರಿ ತೋರಿಸಿದರು: "ನಮ್ಮ ಹುಡುಗ ರವಿವಾರ ಹೆಂಗಿದ್ರೂ ಆ ಪಿಚ್ಚರಕ್ಕ ಬರಾಂವ ಅದಾನ. ನಾನೂ ಬರಾಂವ. ಎಲ್ಲಾರೂ ಅಲ್ಲೇ ಕೂಡೂಣು ಬರ್ರಿ. ಎಸಿ ಐತಿ."

ಆ ಪಿಚ್ಚರು ಎಂದರೆ ಆ ಬೇಸಿಗೆಯಲ್ಲಿ ಊರಿಗೆ ಹುಚ್ಚು ಹಿಡಿಸಿದ ಹಿಂದಿಯ ಗೂಢಚಾರಿ ಚಿತ್ರದ ಎರಡನೆಯ ಭಾಗ. ಹೆಸರು ಹೇಳುವುದಿಲ್ಲ, ಅದಕ್ಕೆ ನನ್ನ ಕೈಯಿಂದ ಜಾಹೀರಾತು ಬೇಡ. ಮೊದಲ ಭಾಗದ ಕೊನೆಯಲ್ಲಿ ನಾಯಕ ಸಮುದ್ರದ ತಳದಲ್ಲಿ ಜಲಾಂತರ್ಗಾಮಿಯ ಸಮೇತ ಚೂರುಚೂರಾಗಿದ್ದ. ಎರಡನೆಯ ಭಾಗದ ಪೋಸ್ಟರಿನಲ್ಲಿ ಹಿಮದ ಮೇಲೆ ಅಂಗಿಯಿಲ್ಲದೆ ನಿಂತಿದ್ದ. ಅವನು ಬದುಕಿದ್ದು ಹೇಗೆ ಎಂಬುದು ಒಂದು ವಾರ ನಮ್ಮ ಊರಿನ ಮುಖ್ಯ ವಿಷಯ. ನನ್ನ ಗಡ್ಡಕ್ಕೆ ಕತ್ತಿಯಿಟ್ಟುಕೊಂಡೇ ಕ್ಷೌರದವನು ನಾಯಕ ಉಸಿರು ಹಿಡಿಯುವ ಯೋಗ ಕಲಿತಿದ್ದನೆಂದು ವಾದಿಸಿದ. ನಮ್ಮ ಆಫೀಸಿನಲ್ಲಿ, ಒಂದು ಪತ್ರಕ್ಕೆ ಉತ್ತರ ಬರೆಯಲು ಹದಿನೈದು ದಿನ ತೆಗೆದುಕೊಳ್ಳುವ ಗುಮಾಸ್ತ, ಮೊದಲ ದಿನದ ಮೊದಲ ಆಟ ನೋಡಿಬಂದು ಮಧ್ಯಾಹ್ನದೊಳಗೆ ಎರಡು ಪುಟದ ವಿಮರ್ಶೆಯನ್ನು ವಾಟ್ಸಾಪಿನಲ್ಲಿ ಹಾಕಿದ್ದ. "ದೇಶಭಕ್ತಿ ಇದ್ದವರು ನೋಡಲೇಬೇಕು" ಎಂದಿತ್ತು. ಆ ದಿನ ಅವನು ಹೊಟ್ಟೆನೋವೆಂದು ರಜೆ ಹಾಕಿದ್ದ.

ರವಿವಾರ ಮ್ಯಾಟಿನಿಗೆ ನಾವು ಏಳು ಜನ ಗೇಟಿನ ಮುಂದೆ ಸೇರಿದೆವು. ಅವರ ಕಡೆಯಿಂದ ಹುಡುಗ, ತಂದೆ, ತಾಯಿ. ನಮ್ಮ ಕಡೆಯಿಂದ ಹುಡುಗಿ, ಅಕ್ಕ, ಭಾವ, ನಾನು. ಹುಡುಗ ನೀರಾವರಿ ಆಫೀಸಿನಲ್ಲಿ ಇಂಜಿನಿಯರ್. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಎರಡು ಫೋನು. ಸ್ಥಳ ಬದಲಾದರೂ ಪದ್ಧತಿ ಬಿಡಬಾರದಲ್ಲ. ಅಕ್ಕ ಸ್ಟೀಲಿನ ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ, ಫ್ಲಾಸ್ಕಿನಲ್ಲಿ ಚಹಾ ತಂದಿದ್ದಳು, ಏಕೆಂದರೆ ಹುಡುಗಿಯ ಕೈಯಿಂದ ಅವಲಕ್ಕಿ ತಿನ್ನದೆ ಹುಡುಗಿಯನ್ನು ನೋಡಿದಂತೆ ಆಗುವುದಿಲ್ಲ. ಹುಡುಗನ ತಾಯಿ ಒಪ್ಪಿಗೆಯಾದರೆ ಉಡಿ ತುಂಬಲೆಂದು ಚೀಲದಲ್ಲಿ ಕುಪ್ಪಸದ ಖಣ, ಎಲೆ ಅಡಿಕೆ, ಅರಿಶಿನ ಕುಂಕುಮ, ತೆಂಗಿನಕಾಯಿ ಇಟ್ಟುಕೊಂಡಿದ್ದರು.

ಕಾವಲುಗಾರ ಚೀಲದೊಳಗೆ ಕೈ ಹಾಕಿ ಕಾಯಿಯನ್ನು ಎತ್ತಿ ಹಿಡಿದ.

"ಇದನ್ನ ಒಳಗ ಬಿಡೂದಿಲ್ರಿ."

"ಉಡಿ ತುಂಬೂ ಕಾಯಿಯಪ್ಪಾ ಅದು" ಎಂದರು ಹುಡುಗನ ತಾಯಿ.

"ಇರಬಹುದ್ರಿ. ಯಾರರ ಸಿಟ್ಟಿಗೆದ್ದು ತೆರೀಗೆ ಒಗದರ ನನ್ನ ನೌಕರಿ ಹೋಗ್ತೈತಿ."

ಈ ಚಿತ್ರವನ್ನು ನೋಡಿದವರಿಗೆ ಕಾಯಿ ಒಗೆಯಬೇಕೆನಿಸೀತು ಎಂದು ಮೊದಲೇ ಊಹಿಸಿದ ಆ ಮನುಷ್ಯನೊಬ್ಬನೇ ಅಲ್ಲಿದ್ದ ವಿಮರ್ಶಕ. ಕಾಯಿ ಅವನ ಮೇಜಿನ ಕೆಳಗೆ ಕುಳಿತಿತು. ಅವಲಕ್ಕಿ ಡಬ್ಬಿ ಅಕ್ಕನ ಸೆರಗಿನ ಒಳಗೆ, ಫ್ಲಾಸ್ಕು ಭಾವನ ಅಂಗಿಯ ಒಳಗೆ ಸೇರಿ, ಇಬ್ಬರೂ ಆಕಾಶ ನೋಡುತ್ತ ಒಳಗೆ ದಾಟಿದರು. ಅಂದು ಆ ಕಟ್ಟಡದಲ್ಲಿ ನಂಬುವಂಥ ಗೂಢಚಾರಿಕೆ ನಡೆದದ್ದು ಇದೊಂದೇ.

ಸಾಲಿನಲ್ಲಿ ಹುಡುಗನ ತಾಯಿ, ಹುಡುಗ, ನಮ್ಮ ಹುಡುಗಿ, ನಾನು, ಹುಡುಗನ ತಂದೆ, ಅಕ್ಕ, ಭಾವ ಹೀಗೆ ಕೂತೆವು. ತಂಬಾಕಿನ ಎಚ್ಚರಿಕೆಯ ಚಿತ್ರ ತೆರೆಯ ಮೇಲೆ ಕೆಮ್ಮುತ್ತಿರುವಾಗ ನಮ್ಮ ಹುಡುಗಿ ಕಾಗದದ ತಟ್ಟೆಯಲ್ಲಿ ಅವಲಕ್ಕಿ ಹಾಕಿ ಒಬ್ಬೊಬ್ಬರಿಗೆ ಕೊಟ್ಟಳು. ಇಕ್ಕಟ್ಟಿನ ಸಾಲಿನಲ್ಲಿ ಬಗ್ಗಿ ಹಿರಿಯರ ಕಾಲು ಮುಟ್ಟಿದಳು. ಹಿಂದಿನಿಂದ ಯಾರೋ "ಏ, ಕೂಡಬೇ, ಕಾಣೂದಿಲ್ಲ" ಎಂದು ಒದರಿದರು. ಹುಡುಗನ ತಂದೆ ಪದ್ಧತಿ ಪ್ರಕಾರ "ಏನವ್ವಾ ನಿನ್ನ ಹೆಸರು?" ಎಂದು ಕೇಳಿದರು. ಆ ಹೆಸರು ಅವರಿಗೆ ತಿಂಗಳಿಂದ ಗೊತ್ತಿತ್ತು. ಅವಳು ಹೇಳಿದ್ದು ಗುಟ್ಕಾ ಬಿಡಿ ಎನ್ನುವ ದನಿಯಲ್ಲಿ ಮುಳುಗಿತು. ಅವರು ತೃಪ್ತಿಯಿಂದ ತಲೆಯಾಡಿಸಿದರು.

ಆಮೇಲೆ ನಾಯಕ ಬಂದ. ಮೊದಲು ಅವನ ಬೂಟು, ನಂತರ ಬೆನ್ನು, ಕೊನೆಗೆ ಮುಖ. ಅಷ್ಟರಲ್ಲಿ ಒಂದು ಸ್ವೆಟರ್ ಹೆಣೆಯಬಹುದಿತ್ತು. ಥಿಯೇಟರಿಗೆ ಥಿಯೇಟರೇ ಎದ್ದು ನಿಂತಿತು. ಮುಂದಿನ ಸಾಲಿನವರು ತೆರೆಯನ್ನು ನೋಡುವುದು ಬಿಟ್ಟು ತೆರೆಯನ್ನು ಫೋನಿನಲ್ಲಿ ಹಿಡಿಯತೊಡಗಿದರು. ಹಿಂದೆ ಕೂತ ಒಬ್ಬ ಗಂಡ ತನ್ನ ಹೆಂಡತಿಗೆ ಮೊದಲ ಭಾಗದ ಕಥೆಯನ್ನು ಮೊದಲಿಂದ ಹೇಳುತ್ತಿದ್ದ, ಆಕೆ "ಹೌದನ್ರಿ" ಎನ್ನುತ್ತಿದ್ದಳು, ಎರಡನೆಯ ಭಾಗ ಇಬ್ಬರ ತಲೆಗೂ ಹತ್ತಲಿಲ್ಲ. ದ್ರಾಕ್ಷಿ ತೋಟದ ಕೆಲಸ ಮುಗಿಸಿ ಬಿಜ್ಜರಗಿಯಿಂದ ಬಂದಿದ್ದ ಹತ್ತು ಹನ್ನೆರಡು ಜನ ಎಡಗಡೆ ಕೂತು ಪ್ರತಿ ಹೊಡೆತಕ್ಕೂ ಸೀಟು ಬಡಿಯುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಹುಡುಗನ ತಂದೆ, ನನಗಿಂತ ಎರಡು ವರ್ಷ ದೊಡ್ಡವರು, ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರು. ಅವಲಕ್ಕಿಯ ಒಂದು ಅಗಳು ನನ್ನ ಕನ್ನಡಕಕ್ಕೆ ಬಂತು. ಭಾವ ಮೊದಲ ಬಾಂಬಿಗೇ ನಿದ್ದೆ ಹೋದ. ನನಗೆ ಭಾವನ ಮೇಲೆ ಅಷ್ಟು ಗೌರವ ಹಿಂದೆಂದೂ ಹುಟ್ಟಿರಲಿಲ್ಲ.

ನಾನು ಅಡಿಕೆ ಕಚ್ಚಿ ಕೂತೆ. ದೇಶದ ಎಲ್ಲ ಕ್ಷಿಪಣಿಗಳೂ ಒಂದು ಪೆನ್‌ಡ್ರೈವಿನಲ್ಲಿ ಇವೆ ಎಂದರು, ಸುಮ್ಮನಿದ್ದೆ. ಆ ಪೆನ್‌ಡ್ರೈವು ವಧುವಿನ ವೇಷದಲ್ಲಿದ್ದ ನಾಯಕಿಯ ಡಾಬಿನಲ್ಲಿದೆ ಎಂದರು, ಆಗಲೂ ಸುಮ್ಮನಿದ್ದೆ. ನಾಯಕ ಒಂದು ಕನ್ನಡಕ ಹಾಕಿಕೊಂಡದ್ದೇ ತಡ, ಶತ್ರು ದೇಶದ ಸೈನ್ಯಕ್ಕೆ ಅವನ ಗುರುತು ಸಿಗಲಿಲ್ಲ. ನಾನು ಇಪ್ಪತ್ತು ವರ್ಷದಿಂದ ಕನ್ನಡಕ ಹಾಕುತ್ತೇನೆ, ಓಣಿಯ ನಾಯಿಗೂ ಗುರುತು ಸಿಗುತ್ತದೆ. ಪಕ್ಕದಲ್ಲಿ ಹುಡುಗಿ ಸೀಟಿನ ತೋಳಿನ ಮೇಲೆ ಬೆರಳಿನಿಂದ ಕುಟ್ಟುತ್ತಿದ್ದಳು. ಗುಂಡು ಎಣಿಸುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಇಪ್ಪತ್ತೊಂಬತ್ತಕ್ಕೆ ನನ್ನ ಮೊಣಕೈ ಒತ್ತಿದಳು. ನಾನು ತಿರುಗಿ ಒತ್ತಲಿಲ್ಲ.

ಮಧ್ಯಂತರಕ್ಕೆ ಸ್ವಲ್ಪ ಮುಂಚೆ ಆ ದೃಶ್ಯ ಬಂತು. ನಾಯಕಿಗೆ ಗುಂಡು ಬಿದ್ದಿದೆ, ರಕ್ತ ಹೋಗಿದೆ. ನಾಯಕ ಒಂದು ಕೈಯಿಂದ ಜೀಪು ಓಡಿಸುತ್ತ, ಇನ್ನೊಂದು ತೋಳಿಗೆ ನಳಿಗೆ ಚುಚ್ಚಿಕೊಂಡು, ಅದರ ಇನ್ನೊಂದು ತುದಿಯನ್ನು ಅವಳ ತೋಳಿಗೆ ಚುಚ್ಚಿ ತನ್ನ ರಕ್ತವನ್ನು ನೇರವಾಗಿ ಹರಿಸುತ್ತಾನೆ. ಹಿಂದೆ ಹೆಲಿಕಾಪ್ಟರು. ಪಿಟೀಲಿನ ರೋದನ. ಇಡೀ ಥಿಯೇಟರು ಉಸಿರು ಹಿಡಿದಿತ್ತು. ಹುಡುಗನ ತಂದೆ ಕರವಸ್ತ್ರದಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು. ದಿನಕ್ಕೆ ನೂರು ಬಾಟಲಿ ರಕ್ತ ಕೈಯಲ್ಲಿ ಹಿಡಿಯುವ ನಮ್ಮ ಹುಡುಗಿಗೆ ತಡೆಯಲಾಗಲಿಲ್ಲ.

"ಮಾಮಾ, ಬ್ಲಡ್ ಗ್ರೂಪ್ ನೋಡಲೇ ಇಲ್ಲಲ್ಲೋ" ಎಂದಳು. ಆಮೇಲೆ ನಕ್ಕಳು. ಆ ಮೌನದಲ್ಲಿ ಆ ನಗು ಎದ್ದ ಪರಿ ಹೇಗಿತ್ತೆಂದರೆ ಭಾವನಿಗೆ ಎಚ್ಚರವಾಯಿತು. ಮುಂದಿನ ಮೂರು ಸಾಲು ತಿರುಗಿದವು. ಬಿಜ್ಜರಗಿಯವರಲ್ಲಿ ಒಬ್ಬನಿಗೂ ನಗು ಬಂದು, ಪಕ್ಕದವನು ಅವನ ತಲೆಗೆ ಹೊಡೆದ. ನನ್ನ ಹೊಟ್ಟೆಯಲ್ಲೂ ನಗು ಉಕ್ಕಿ ಬಂದಿತ್ತು. ಅಡಿಕೆಯ ಸಮೇತ ನುಂಗಿದೆ.

ದೀಪ ಹತ್ತಿತು. ಹುಡುಗ ಪಾಪ್‌ಕಾರ್ನ್ ತಂದು ಎಲ್ಲರ ಕೈಗೆ ಕೊಟ್ಟ. ನಿಂತುಕೊಂಡೇ, ಮೆತ್ತಗೆ, ನಗುಮುಖದಿಂದಲೇ ನಮ್ಮ ಹುಡುಗಿಗೆ ಹೇಳಿದ: "ಮಂದಿ ಅಳುವಾಗ ಹಂಗ ನಗಬಾರ್ದ್ರಿ. ನಮ್ಮ ಅಪ್ಪಾಗ ಎಷ್ಟು ಕೆಟ್ಟ ಅನಸ್ತು. ಮತ್ತ ನೀವೇನು ಡಾಕ್ಟರ್ ಅಲ್ಲ, ಬರೇ ಲ್ಯಾಬ್‌ನ್ಯಾಗ ಬಾಟ್ಲಿ ತುಂಬಾವರು. ಮದ್ವಿ ಆದ ಮ್ಯಾಲ ನಾಕು ಮಂದ್ಯಾಗ ನನ್ನ ಜೋಡಿ ಓಡಾಡಬೇಕು ನೀವು."

"ಇರ್ಲಿ ಬಿಡೋ" ಎಂದರು ಅವನ ತಾಯಿ, ನಮ್ಮ ಹುಡುಗಿಯ ಗಲ್ಲ ಸವರುತ್ತ. "ಹುಡುಗಿ ಲಕ್ಷಣಾಗಿ ಅದಾಳ. ನಗೂದೊಂದ ನಾವು ತಿದ್ದಕೋತೀವಿ."

ಅವಳು ನನ್ನ ಕಡೆ ತಿರುಗಿದಳು. ಅಷ್ಟೇ, ಬೇರೆ ಏನೂ ಮಾಡಲಿಲ್ಲ. ಇಪ್ಪತ್ತು ವರ್ಷ ಅವಳ ಪಕ್ಕ ಕೂತು ತೆರೆಯ ಮೇಲಿನ ಶೂರರಿಗೆಲ್ಲ ಮಂಗಳಾರತಿ ಎತ್ತಿದ ಮಾಮಾ ಈಗ ಏನು ಹೇಳುತ್ತಾನೆ ಎಂದು ನೋಡಿದಳು. ಅಕ್ಕ ಆ ಕಡೆಯಿಂದ ನನ್ನನ್ನೇ ನೋಡುತ್ತಿದ್ದಳು, ಕಣ್ಣಿನಲ್ಲೇ ಕೈಮುಗಿದು. ನಾನು ಪಾಪ್‌ಕಾರ್ನ್ ಬಾಯಿಗೆ ತುಂಬಿಕೊಂಡೆ. ಬಾಯಿ ತುಂಬ ತುಂಬಿಕೊಂಡೆ.

ಎರಡನೆಯ ಅರ್ಧ ಮೊದಲನೆಯದಕ್ಕಿಂತ ಹತ್ತು ಪಾಲು ಹೊಲಸಿತ್ತು. ನಾಯಕ ವಿಮಾನದ ರೆಕ್ಕೆಯ ಮೇಲೆ ಮೋಟಾರ್‌ಸೈಕಲ್ ಓಡಿಸಿದ. ಕ್ಷಿಪಣಿಯ ಪಾಸ್‌ವರ್ಡ್ ಅವನ ತಾಯಿಯ ಹೆಸರೇ ಆಗಿತ್ತು. ಖಳನಾಯಕ ಅವನ ಮೇಲಧಿಕಾರಿಯೇ ಎಂದು ತಿಳಿದಾಗ ಜನ ಹೌಹಾರಿದರು. ಸರಕಾರಿ ನೌಕರಿ ಮಾಡಿದ ಯಾರಿಗಾದರೂ ಅದು ಮೊದಲ ದೃಶ್ಯದಲ್ಲೇ ಗೊತ್ತಾಗಬೇಕಿತ್ತು. ಆದರೆ ನನ್ನ ಪಕ್ಕದಲ್ಲಿ ಬೆರಳು ಕುಟ್ಟಲಿಲ್ಲ. ಅವಳು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆ ಬರೆಯುವವಳಂತೆ ತೆರೆಯನ್ನೇ ನೋಡುತ್ತಿದ್ದಳು. ತಿದ್ದುವ ಕೆಲಸ ಆಗಲೇ ಶುರುವಾಗಿತ್ತು, ಅದಕ್ಕೆ ನಾನೂ ಕೈ ಹಚ್ಚಿದ್ದೆ. ನನಗೆ ನಾಚಿಕೆಯಾಯಿತು. ನಾಚಿಕೆಯಾದರೂ ಬಾಯಿ ಬಿಡಲಿಲ್ಲ, ಅದನ್ನೂ ಹೇಳಬೇಕು.

ಹೊರಗೆ ಮೈಕು ಹಿಡಿದ ಒಬ್ಬ ನಿಂತಿದ್ದ, ಪಿಚ್ಚರು ಹೇಗಿದೆ ಎಂದು ಕೇಳಿ ಯೂಟ್ಯೂಬಿಗೆ ಹಾಕುವವನು. ಅವನ ಮುಂದೆ ಜನ ಬೆಂಕಿ, ಸುನಾಮಿ, ಭೂಕಂಪ ಎಂದು ಎಲ್ಲ ನೈಸರ್ಗಿಕ ವಿಕೋಪಗಳನ್ನೂ ಹೆಸರಿಸುತ್ತಿದ್ದರು. ಒಬ್ಬ ತನ್ನ ಅಂಗಿ ಬಿಚ್ಚಿ ತಿರುಗಿಸಿದ. ಬಿಜ್ಜರಗಿಯ ಒಬ್ಬ ಹಿರಿಯ ಮಾತ್ರ ಬಹಳ ಯೋಚಿಸಿ, "ಎಸಿ ಚಲೋ ಐತ್ರಿ" ಎಂದ. ಹುಡುಗನ ತಂದೆ ನನ್ನ ತೋಳು ಹಿಡಿದು ಮುಂದೆ ದೂಡಿದರು. "ನಮ್ಮ ಬೀಗರನ್ನ ಕೇಳ್ರಿ, ಭಾಳ ತಿಳದಾವರು."

ಮೈಕು ನನ್ನ ಬಾಯಿಗೆ ಬಂತು. ಬದುಕಿನಲ್ಲಿ ಮೊದಲ ಸಲ ಒಬ್ಬರು ನನ್ನ ಅಭಿಪ್ರಾಯವನ್ನು ತಾವಾಗಿಯೇ ಕೇಳಿದ್ದರು.

"ಭಾಳ ಚಲೋ ಐತ್ರಿ" ಎಂದೆ. "ಎಲ್ಲಾರೂ ನೋಡಬೇಕು."

ಕಾವಲುಗಾರ ಕಾಯಿ ತಂದುಕೊಟ್ಟ. ಹುಡುಗನ ತಾಯಿ ಅಲ್ಲೇ, ಆ ಅಂಗಿಯಿಲ್ಲದ ಪೋಸ್ಟರಿನ ಕೆಳಗೆ, ನಮ್ಮ ಹುಡುಗಿಗೆ ಕುಂಕುಮ ಹಚ್ಚಿ ಉಡಿ ತುಂಬಿದರು. ಅಕ್ಕ ಅತ್ತಳು. ಹುಡುಗಿ ದುಪಟ್ಟಾ ಒಡ್ಡಿ, ಕಾಯಿ ಹಿಡಿದುಕೊಂಡು, ನೆಲ ನೋಡುತ್ತ ನಿಂತಳು.

ಮುಂದಿನ ರವಿವಾರ ನಿಶ್ಚಯದ ದಿನ ಗೊತ್ತು ಮಾಡಲು ಅಕ್ಕ ಬಬಲೇಶ್ವರಕ್ಕೆ ಕರೆದಳು. ಬಸ್ಸಿನಲ್ಲಿ ಜೈನಾಪುರಕ್ಕೆ ಹೋಗುವ ಇಬ್ಬರು ಅದೇ ಚಿತ್ರದ ಬಗ್ಗೆ ಜಗಳವಾಡುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡಿದೆ. ಮನೆಯಲ್ಲಿ ಮಾವಿನ ಶೀಕರಣಿ ಆಗಿತ್ತು. ಅಕ್ಕನ ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. ಗೋಡೆಯ ಗೂಡಿನಲ್ಲಿ, ಭಾವನ ಬುದ್ಧನ ಫೋಟೋಕ್ಕೂ ಅಕ್ಕನ ಎಲ್ಲಮ್ಮನ ಫೋಟೋಕ್ಕೂ ನಡುವೆ, ಆ ಕಾಯಿ ಹಾಗೇ ಕೂತಿತ್ತು. ಉಡಿಯ ಕಾಯಿ ಒಡೆದು ಮನೆಯವರೆಲ್ಲ ಸಿಹಿ ತಿಂದರೆ ಸಂಬಂಧ ಒಪ್ಪಿದಂತೆ.

"ವಾರ ಆತು, ಒಡೀವಲ್ಲಳು. ಮಾಮಾ ಬರಲಿ ಅಂತಾಳ" ಎಂದಳು ಅಕ್ಕ.

ಹುಡುಗಿ ಬಂದು ನನ್ನ ಎದುರು ಕೂತು ಫೋನು ತೆಗೆದಳು. ಆ ಮೈಕಿನವನ ವಿಡಿಯೋದಲ್ಲಿ ನಾನು ಕಾಣಿಸಿದೆ. ಬಾಯಿಯ ಮೂಲೆಯಲ್ಲಿ ಪಾಪ್‌ಕಾರ್ನ್ ಪುಡಿ. ಭಾಳ ಚಲೋ ಐತ್ರಿ, ಎಲ್ಲಾರೂ ನೋಡಬೇಕು.

"ಖರೇನ ಚಲೋ ಇತ್ತೇನ್ ಮಾಮಾ?"

ನಾನು ಬಾಯಿ ಒರೆಸಿಕೊಂಡೆ.

"ತೆರೀ ಮ್ಯಾಲಿನವರಿಗೆ ನಿನ್ನ ಮಾತು ಕೇಳಸೂದಿಲ್ಲ. ಅವರನ್ನ ಜನ್ಮಾ ಪೂರ್ತಿ ಬೈದಿ. ಅವತ್ತ ಬಾಜೂಕ ನಿಂತಾಂವಗ ಕೇಳಸ್ತಿತ್ತು." ಅವಳ ದನಿ ಏರಲಿಲ್ಲ. "ನನಗ ಅಂವ ಅಂದದ್ದಕ್ಕ ಏನೂ ಅನಸಲಿಲ್ಲ. ನೀ ತಿನಕೋತ ಕೂತದ್ದು ನೋಡಿ ಭಾಳ ಕೆಟ್ಟ ಅನಸ್ತು. ಈಗ ನೀ ಒಡಿ ಅಂದ್ರ ಒಡೀತೀನಿ. ಅವ್ವನೂ ಖುಷಿ ಆಗ್ತಾಳ."

ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಶೀಕರಣಿಯ ಸೌಟು. ಆಣೆ ಮಾಡಿದ ತಲೆ ಅದು. ನನ್ನಿಂದ ಎರಡು ಸಂಬಂಧ ಹೋಗಿದ್ದವು. ಅವೆರಡನ್ನೂ ಕೆಡಿಸಿದಾಗ ನಾನು ಹುಡುಗಿಯ ಸಲುವಾಗಿ ಬಾಯಿ ತೆಗೆದಿರಲಿಲ್ಲ, ನನ್ನ ತೀಟೆಗೆ ಬಾಯಿ ತೆಗೆದಿದ್ದೆ. ಹುಡುಗಿಯ ಸಲುವಾಗಿ ಮಾತಾಡಬೇಕಾದ ಒಂದೇ ಒಂದು ಗಳಿಗೆ ಬಂದಾಗ ಆಣೆಯ ನೆಪ ಹಿಡಿದು ಕೂತಿದ್ದೆ. ಇಷ್ಟು ವರ್ಷ ನಾನು ಮಂದಿಗೆ ಅಂಜುವವನಲ್ಲ ಎಂದುಕೊಂಡಿದ್ದೆ.

"ಒಡೀಬ್ಯಾಡವ್ವಾ" ಎಂದೆ. "ಚಲೋ ಇರಲಿಲ್ಲ. ಯಾವುದೂ ಚಲೋ ಇರಲಿಲ್ಲ. ಅವಾಗ ನಾ ಹೇಳಬೇಕಾಗಿತ್ತು."

ಅಕ್ಕ ಸೌಟನ್ನು ನೆಲಕ್ಕೆ ಒಗೆದಳು. ನಾನು ಅವಳ ಮುಖ ನೋಡದೆ ಕಾಯಿಯನ್ನೂ ಖಣವನ್ನೂ ಚೀಲಕ್ಕೆ ಹಾಕಿಕೊಂಡು ಬಂದೆ.

ಮರುದಿನ ಟಿಕೋಟಾಕ್ಕೆ ಹೋದೆ. ಹುಡುಗನ ತಂದೆ ಒಬ್ಬರೇ ಮನೆಯಲ್ಲಿದ್ದರು. "ಬರ್ರಿ ಬೀಗರ" ಎಂದು ಕೂರಿಸಿ ಒಳಗೆ ಹೋಗಿ ತಾವೇ ನೀರು ತಂದರು. ಒಳ್ಳೆಯ ಮನುಷ್ಯ. ಅದರಿಂದ ನನಗೆ ಇನ್ನಷ್ಟು ಕಷ್ಟವಾಯಿತು. ಕಾಯಿಯನ್ನು ಟೀಪಾಯಿಯ ಮೇಲಿಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ಏನಾತ್ರಿ?"

"ನಮ್ಮ ಹುಡುಗಿ ಜೋರಾಗಿ ನಗ್ತಾಳ್ರಿ. ಮುಂದನೂ ನಗ್ತಾಳ. ಅದನ್ನ ತಿದ್ದಾಕ ನಾವು ಕೊಡೂದಿಲ್ಲ."

"ಅಷ್ಟಕ್ಕರೀ?"

"ಹೌದ್ರಿ, ಅಷ್ಟಕ್ಕ. ಇಂಟರ್ವಲ್‌ನ್ಯಾಗ ನಿಮ್ಮ ಮಗ ಆಕಿ ಕೆಲಸಕ್ಕ ಒಂದು ಮಾತಂದ. ಅವಾಗ ನಾ ಸುಮ್ಮ ಕೂತೆ. ಆ ತಪ್ಪು ನಂದು. ಹೊರಗ ಬಂದು ಪಿಚ್ಚರ್ ಚಲೋ ಐತಿ ಅಂದೆ, ಅದೂ ಸುಳ್ಳು."

ಅವರು ಬಹಳ ಹೊತ್ತು ಕಾಯಿಯ ಜುಟ್ಟನ್ನು ತಿರುವುತ್ತ ಕೂತರು. ಸಿಟ್ಟಾಗುತ್ತಾರೆ ಎಂದು ನಾನು ಕಾದೆ. ಅವರು ತಲೆಯೆತ್ತಿದಾಗ ಮುಖ ನಿಜಕ್ಕೂ ಬಾಡಿತ್ತು.

"ಅಂದ್ರ, ಆ ರಕ್ತಾ ಕೊಡೂ ಸೀನೂ ನಿಮಗ ಚಲೋ ಅನಸ್ಲಿಲ್ಲೇನ್ರಿ?"

"ಇಲ್ರಿ" ಎಂದೆ. "ಗ್ರೂಪ್ ನೋಡಬೇಕಾಗಿತ್ತು."

ಅಕ್ಕ ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ. ಮಾತಾಡಲಿ ಎಂದು ಕೇಳುವ ಮುಖ ನನಗಿಲ್ಲ. ಆದರೆ ಅಂದು ಟಿಕೋಟಾದಿಂದ ವಾಪಸು ಬರುವ ಬಸ್ಸಿನಲ್ಲಿ ಹುಡುಗಿಗೆ ಫೋನು ಹಚ್ಚಿ, ನಡೆದದ್ದನ್ನೆಲ್ಲ ಹೇಳಿ, ಕೊನೆಗೆ ಅವರು ಕೇಳಿದ ಪ್ರಶ್ನೆ ಹೇಳಿದೆ. ಫೋನಿನಿಂದ ಬಂದ ನಗುವಿಗೆ ಮುಂದಿನ ಸೀಟಿನವರು ತಿರುಗಿ ನೋಡಿದರು.